ತೆರಿಗೆ ಪ್ರಶ್ನೋತ್ತರ: ಮೂರು ತಿಂಗಳ ಗುತ್ತಿಗೆಯೂ ಶೇ 10ರ ಕಡಿತವೂ

(ಉತ್ತರಗಳು 2025-26ರ ಆದಾಯಕ್ಕೆ ಅನ್ವಯಿಸುತ್ತವೆ. 2026ರ ಏಪ್ರಿಲ್ 1ರ ನಂತರದ ಗಳಿಕೆಗೆ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಸೆಕ್ಷನ್ ಸಂಖ್ಯೆಗಳು ಬೇರೆ.)

ಆಗಸ್ಟ್‌ವರೆಗೆ ತಿಂಗಳಿಗೆ 70 ಸಾವಿರ ಸಂಬಳದ ನೌಕರಿಯಲ್ಲಿದ್ದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಟ್ಟೆ. ತಿಂಗಳಿಗೆ 80 ಸಾವಿರಕ್ಕೆ ಒಪ್ಪಂದ, ಕೈಗೆ ಬಂದದ್ದು 72 ಸಾವಿರ. ಇದನ್ನೂ ಸಂಬಳಕ್ಕೆ ಸೇರಿಸಿ, ಸಂಬಳದಾರರ ಸರಳ ರಿಟರ್ನ್ ಫಾರ್ಮ್ ಆದ ಐಟಿಆರ್-1 ಹಾಕಬಹುದೇ? — ಓದುಗರು, ತುಮಕೂರು

ಹಾಕಬೇಡಿ. ಗುತ್ತಿಗೆ ಮೂರು ತಿಂಗಳದ್ದೋ ಮೂರು ವರ್ಷದ್ದೋ ಎಂಬುದು ಇಲ್ಲಿ ಮುಖ್ಯವಲ್ಲ. ನೌಕರರಾಗಿ ದುಡಿದಿರೋ ಸ್ವತಂತ್ರವಾಗಿ ದುಡಿದಿರೋ ಎಂಬುದು ಮುಖ್ಯ. ಕಂಪನಿ ಸೆಕ್ಷನ್ 194ಜೆ ಅಡಿ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿದಿದೆ ಎಂದರೆ ನಿಮಗೆ ಕೊಟ್ಟದ್ದನ್ನು ವೃತ್ತಿ ಶುಲ್ಕ ಎಂದು ದಾಖಲಿಸಿದೆ. (ಕೆಲವು ಕಂಪನಿಗಳು ಇಂಥದ್ದನ್ನೇ ತಾಂತ್ರಿಕ ಸೇವೆ ಎಂದು ಶೇ 2 ಮಾತ್ರ ಕಡಿಯುತ್ತವೆ. ಅದರಿಂದ ಈಗ ಕೈಗೆ ಬರುವ ಹಣ ಬದಲಾಗುತ್ತದೆಯೇ ಹೊರತು ನೀವು ಕೊಡಬೇಕಾದ ತೆರಿಗೆಯಲ್ಲ.) ನೀವು ಐಟಿಆರ್-1 ಹಾಕಿದರೆ ನಿಮ್ಮ ಹೆಸರಿನಲ್ಲಿ ಕಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿರುವ 194ಜೆ ನಮೂದಿಗೆ ತಾಳೆಯಾಗದು, ‘ದೋಷಪೂರಿತ ರಿಟರ್ನ್’ ಎಂದು 139(9) ನೋಟಿಸ್ ಬರಬಹುದು. ಅದಕ್ಕೆ ಉತ್ತರಿಸಲು ಸಾಮಾನ್ಯವಾಗಿ ಸಿಗುವುದು 15 ದಿನ.

ನಿಮಗೆ ಸರಿಯಾದದ್ದು ಐಟಿಆರ್-4. ಮಾಹಿತಿ ತಂತ್ರಜ್ಞಾನ ಅಧಿಸೂಚಿತ ವೃತ್ತಿಗಳಲ್ಲಿ ಒಂದಾದ್ದರಿಂದ ಸೆಕ್ಷನ್ 44ಎಡಿಎ ಅಡಿ ಒಟ್ಟು ಶುಲ್ಕದ ಅರ್ಧವನ್ನೇ ಲಾಭ ಎಂದು ತೋರಿಸಬಹುದು. ಖರ್ಚಿನ ಚೀಟಿ ಯಾರೂ ಕೇಳುವುದಿಲ್ಲ. ಲೆಕ್ಕ ಹೀಗೆ: ಸಂಬಳ 3,50,000, ಅದರಲ್ಲಿ ಪ್ರಮಾಣಿತ ಕಡಿತ 75,000 ಹೋದರೆ 2,75,000. ಶುಲ್ಕ 2,40,000; ಅರ್ಧ 1,20,000. ಎರಡೂ ಸೇರಿ 3,95,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಕಡಿದ 24,000 ಪೂರ್ತಿ ವಾಪಸ್. ಒಂದು ಎಚ್ಚರ: ಆ ವರ್ಷ ಮ್ಯೂಚುವಲ್ ಫಂಡ್ ಮಾರಿ ಅಲ್ಪಾವಧಿ ಲಾಭ ಮಾಡಿದ್ದರೆ ಐಟಿಆರ್-4 ನಡೆಯದು, ಐಟಿಆರ್-3 ಬೇಕು. 44ಎಡಿಎ ಅಲ್ಲಿಯೂ ಸಿಗುತ್ತದೆ.

ಅವಸರ ಮಾತ್ರ ಬೇಡ. ಜನವರಿ–ಮಾರ್ಚ್ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಕಂಪನಿಗೆ ಮೇ 31ರವರೆಗೆ ಸಮಯವಿದೆ, ಕಡಿತದ ಪ್ರಮಾಣಪತ್ರವಾದ ಫಾರ್ಮ್ 16ಎ ಕೊಡಲು ಇನ್ನೂ 15 ದಿನ. ಏಪ್ರಿಲ್‌ನಲ್ಲೇ ರಿಟರ್ನ್ ಹಾಕಿದವರಿಗೆ ಕೊನೆಯ ಎರಡು ತಿಂಗಳ ಕಡಿತ ಕಾಣಿಸದೆ ರೀಫಂಡ್ ಅರ್ಧಂಬರ್ಧ ಆಗುವುದು ಪ್ರತಿವರ್ಷದ ಗೋಳು.

ಫೆಬ್ರುವರಿ ಕೆಲಸದ ಬಿಲ್ ಮಾರ್ಚ್ 28ಕ್ಕೆ ಕೊಟ್ಟೆ, ಹಣ ಏಪ್ರಿಲ್ 20ಕ್ಕೆ ಬಂತು. ಟಿಡಿಎಸ್ ಮಾತ್ರ ಹಿಂದಿನ ವರ್ಷದಲ್ಲಿ ತೋರಿಸುತ್ತಿದೆ. — ಓದುಗರು, ಮಂಗಳೂರು

ಕಂಪನಿಯ ತಪ್ಪೇನಿಲ್ಲ. ಹಣ ಕೊಡುವುದು ಅಥವಾ ಖಾತೆ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮಾ ಬರೆಯುವುದು, ಯಾವುದು ಮೊದಲೋ ಆಗ ಕಡಿಯಬೇಕು. ನೀವು ಹಣ ಬಂದಾಗ ಆದಾಯ ಎಂದು ಲೆಕ್ಕ ಇಡುವವರಾದರೆ ಆ ಟಿಡಿಎಸ್‌ ಅನ್ನು 2025-26ರ ರಿಟರ್ನ್‌ನಲ್ಲಿ ಬಳಸಬೇಡಿ. ನಿಯಮ 37ಬಿಎ ಪ್ರಕಾರ, ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯಿರಿ. ಆದಾಯ ತೋರಿಸದೆ ಕಡಿತವನ್ನಷ್ಟೇ ಕೇಳಿದರೆ ಕ್ರೆಡಿಟ್‌ಗೆ ಕತ್ತರಿ ಬೀಳುತ್ತದೆ.

ಆರಾರು ತಿಂಗಳಿಗೊಮ್ಮೆ ಗುತ್ತಿಗೆ ನವೀಕರಿಸುತ್ತಾರೆ. ಬೆರಳಚ್ಚು ಹಾಜರಿ, ಕಂಪನಿಯದೇ ಲ್ಯಾಪ್‌ಟಾಪ್, ರಜೆಗೆ ಮ್ಯಾನೇಜರ್ ಅನುಮತಿ. ಆದರೂ ‘ಸಲಹೆಗಾರ’ ಎಂದು ಶೇ 10 ಕಡಿಯುತ್ತಾರೆ. — ಓದುಗರು, ಹುಬ್ಬಳ್ಳಿ

ನೀವು ಹೇಳಿದ ಮೂರೂ ಲಕ್ಷಣ ನೌಕರಿಯವು. ಒಪ್ಪಂದದ ತಲೆಬರಹ ನೋಡಿ ಇದು ತೀರ್ಮಾನವಾಗುವುದಿಲ್ಲ. ಏನು ಮಾಡಬೇಕೆಂದಷ್ಟೇ ಅಲ್ಲ, ಹೇಗೆ ಮಾಡಬೇಕೆಂದೂ ಹೇಳುವ ಹಕ್ಕು ಯಾರದು, ಪಿಎಫ್–ಗ್ರಾಚ್ಯುಟಿ ಇದೆಯೇ, ಬೇರೆಯವರ ಕೆಲಸ ಹಿಡಿಯಬಹುದೇ ಎಂದೆಲ್ಲ ನೋಡುತ್ತಾರೆ. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ (2015) ಕರ್ನಾಟಕ ಹೈಕೋರ್ಟ್ ಒಪ್ಪಂದದ ಷರತ್ತುಗಳನ್ನು ಪರಿಶೀಲಿಸಿ, ಆಸ್ಪತ್ರೆಯ ಸಲಹಾ ವೈದ್ಯರಿಗೆ ಕೊಡುವುದು ಸಂಬಳವಲ್ಲ, ವೃತ್ತಿ ಶುಲ್ಕ ಎಂದಿತು. ನಿಮ್ಮ ಸಂಗತಿ ಅದಕ್ಕೆ ವಿರುದ್ಧ ದಿಕ್ಕಿನದು. ತೆರಿಗೆ ಇಲಾಖೆ ಇದನ್ನು ಸಂಬಳ ಎಂದರೆ ಕಡಿಮೆ ಟಿಡಿಎಸ್‌ಗೆ ಕಂಪನಿ ಹೊಣೆ, ಅರ್ಧ ಆದಾಯವನ್ನಷ್ಟೇ ತೋರಿಸಿದ್ದರೆ ಬಾಕಿ ತೆರಿಗೆಗೆ ನೀವು ಹೊಣೆ. ಪಿಎಫ್, ಗ್ರಾಚ್ಯುಟಿ ಬಿಟ್ಟುಕೊಡುತ್ತಿರುವವರು ನೀವೇ ಆದ್ದರಿಂದ, ಮುಂದಿನ ನವೀಕರಣಕ್ಕೆ ಸಹಿ ಹಾಕುವ ಮೊದಲು ನೌಕರಿಯ ಆದೇಶವನ್ನೇ ಕೇಳುವುದು ಒಳ್ಳೆಯದು.

ನಾನು ಸ್ವತಂತ್ರ ಅನುವಾದಕಿ. 194ಜೆ ಅಡಿ ಕಡಿಯುತ್ತಾರೆ. ನನಗೂ 44ಎಡಿಎ ಸಿಗುತ್ತದಲ್ಲವೇ? — ಓದುಗರು, ಶಿವಮೊಗ್ಗ

ಕಡಿತ 194ಜೆ ಅಡಿ ಆದಮಾತ್ರಕ್ಕೆ ಸಿಗುವುದಿಲ್ಲ. 44ಎಡಿಎ ಪಟ್ಟಿಯಲ್ಲಿ ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಪತ್ರ, ತಾಂತ್ರಿಕ ಸಲಹೆ, ಒಳಾಂಗಣ ಅಲಂಕಾರದ ಜೊತೆಗೆ ಅಧಿಸೂಚಿತ ಕೆಲವು ವೃತ್ತಿಗಳಿವೆ. ಸಿನಿಮಾಕ್ಕೆ ಸಂಭಾಷಣೆ ಬರೆಯುವವರು ಅದರಲ್ಲಿದ್ದಾರೆ, ಅನುವಾದಕರಿಲ್ಲ. ವಿಚಿತ್ರ, ಆದರೆ ಪಟ್ಟಿ ಇರುವುದೇ ಹಾಗೆ. ನಿರಾತಂಕದ ದಾರಿ ಐಟಿಆರ್-3: ಇಂಟರ್ನೆಟ್, ನಿಘಂಟು, ಕಂಪ್ಯೂಟರಿನ ಸವಕಳಿ, ಮನೆಯಲ್ಲೇ ಕಚೇರಿಯಾದರೆ ಬಾಡಿಗೆಯ ಪಾಲು, ಇವನ್ನು ಬಿಲ್ ಸಮೇತ ಕಳೆದು ಉಳಿದದ್ದಕ್ಕೆ ತೆರಿಗೆ. ಟಿಡಿಎಸ್ ಕಳೆದು ಇನ್ನೂ 10,000 ಅಥವಾ ಹೆಚ್ಚು ತೆರಿಗೆ ಉಳಿಯುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು; ನಿಮಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ನಾಲ್ಕು ಕಂತು. 44ಎಡಿಎಯವರಿಗೆ ಮಾರ್ಚ್ 15ರ ಒಂದೇ ಕಂತು.

ವಿದೇಶಿ ಗ್ರಾಹಕರಿದ್ದರೆ ಮೊದಲ ಬಿಲ್‌ನಿಂದಲೇ ಜಿಎಸ್‌ಟಿ ನೋಂದಣಿ ಬೇಕೇ? — ಓದುಗರು, ಬೆಳಗಾವಿ

ಬೇಡ. ಸೇವೆಯ ವಾರ್ಷಿಕ ವಹಿವಾಟು, ವಿದೇಶದ ಬಿಲ್‌ಗಳೂ ಸೇರಿ, 20 ಲಕ್ಷ ದಾಟಿದರೆ ಬೇಕು. ನೋಂದಣಿಯಾದ ಮೇಲೆ ಪ್ರತಿವರ್ಷ ಎಲ್‌ಯುಟಿ (ಮುಚ್ಚಳಿಕೆ ಪತ್ರ) ಸಲ್ಲಿಸಿದರೆ ರಫ್ತಿಗೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಮರೆತರೆ ಶೇ 18 ಕಟ್ಟಿ ಆಮೇಲೆ ರೀಫಂಡ್‌ಗೆ ಅಲೆಯಬೇಕು. ನೌಕರಿಯ ಸಂಬಳವನ್ನು ಈ 20 ಲಕ್ಷದ ಲೆಕ್ಕಕ್ಕೆ ಸೇರಿಸಬೇಕಿಲ್ಲ.