ಮರು: ಸಬ್‌ವೂಫರ್ ಗುಂಯ್‌ಗುಡುತ್ತದೆ, ಮಾತು ಸ್ಪಷ್ಟವಿಲ್ಲ

15x12 ಅಡಿ ಕೋಣೆ, ಹಿಂಗೋಡೆಗೆ ಒತ್ತಿದ ಸೋಫಾ, ಮೂಲೆಯಲ್ಲಿ ಸಬ್ (ಸಬ್‌ವೂಫರ್, ತಗ್ಗು ಸ್ವರಗಳ ಸ್ಪೀಕರ್) ಅಂದಿದ್ದೀರಿ. ಹೊಸ ಸಬ್ ಖಂಡಿತ ಕೊಳ್ಳಬೇಡಿ, ತೊಂದರೆ ಜಾಗದ್ದು. 15 ಅಡಿ ಉದ್ದಕ್ಕೆ ಸುಮಾರು 37 ಹರ್ಟ್ಝ್‌ನಲ್ಲಿ ಅನುರಣನ ಏಳುತ್ತದೆ (ಆ ಒಂದು ಸ್ವರ ಮಾತ್ರ ಅತಿ ಜೋರಾಗುತ್ತದೆ), ಅದರ ಒತ್ತಡ ಗೋಡೆಗಳ ಬಳಿಯೇ ಅತಿ ಹೆಚ್ಚು. ನೀವು ಕೂತಿರುವುದೇ ಅಲ್ಲಿ! ಸೋಫಾವನ್ನು ಎರಡು-ಮೂರು ಅಡಿಯಾದರೂ ಮುಂದೆ ತನ್ನಿ. ಕೋಣೆಯ ನಟ್ಟನಡುವೆ ಮಾತ್ರ ಬೇಡ, ಅಲ್ಲಿ ಅದೇ ಸ್ವರ ಮಾಯವಾಗುತ್ತದೆ.

ಆಮೇಲೆ ಸಬ್ಬನ್ನೇ ಸೋಫಾದ ಮೇಲಿಟ್ಟು, ಬೇಸ್ ಗಿಟಾರ್ ಇರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ತಲೆ ತಗ್ಗಿಸಿ ಅಂಬೆಗಾಲಲ್ಲಿ ಸುತ್ತಿ. ಎಲ್ಲ ಸ್ವರಗಳೂ ಸಮವಾಗಿ ಕೇಳುವ ಜಾಗವೇ ಸಬ್ಬಿನ ಜಾಗ. ಈ ಅರ್ಧ ಗಂಟೆ ಶ್ರಮ ಯಾವ ದುಬಾರಿ ಕೇಬಲ್ಲೂ ಕೊಡದ ಫಲ ಕೊಡುತ್ತದೆ.

ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್) ಸ್ಪೀಕರ್‌ಗಳೆಲ್ಲ 'ಸ್ಮಾಲ್' (ತಗ್ಗು ಸ್ವರ ಸಬ್ಬಿಗೆ ಹೋಗಲಿ ಎಂದರ್ಥ), ಕ್ರಾಸ್‌ಓವರ್ (ಸಬ್ಬಿಗೂ ಉಳಿದ ಸ್ಪೀಕರ್‌ಗಳಿಗೂ ಸ್ವರ ಹಂಚುವ ಗಡಿ) 80 ಹರ್ಟ್ಝ್ ಇರಲಿ. ಸಬ್ಬಿನ ಹಿಂದಿರುವ ಕ್ರಾಸ್‌ಓವರ್ ಗುಬಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಎರಡು ಫಿಲ್ಟರ್ ಒಂದರ ಮೇಲೊಂದು ಕೂತು 80ರ ಆಸುಪಾಸು ಹಳ್ಳ ಬೀಳುತ್ತದೆ. ಸಬ್ಬಿನ ಫೇಸ್ (ಅದರ ಅಲೆಯನ್ನು ತಿರುಗುಮುರುಗು ಮಾಡುವ ಸೆಟ್ಟಿಂಗ್) 0, 180 ಎರಡನ್ನೂ ಹಾಕಿ ನೋಡಿ, ಸೋಫಾದಲ್ಲಿ ಬೇಸ್ ತುಂಬಿ ಕೇಳುವುದನ್ನು ಉಳಿಸಿ. ಇಷ್ಟಾದ ಮೇಲೆಯೇ ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಶನ್ (ರಿಸೀವರ್ ತಾನೇ ಅಳೆದು ಸ್ಪೀಕರ್‌ಗಳನ್ನು ಹೊಂದಿಸುವುದು) ಮಾಡಿ. ಮೈಕ್ ಕಿವಿಯ ಎತ್ತರದಲ್ಲಿ ಸ್ಟ್ಯಾಂಡ್ ಮೇಲಿರಲಿ, ದಿಂಬಿನ ಮೇಲಲ್ಲ. ಸಬ್ ಟ್ರಿಮ್ (ರಿಸೀವರ್ ಸಬ್ಬಿಗೆ ಇಟ್ಟ ಮಟ್ಟ) ಮೈನಸ್ 12 ಡೆಸಿಬೆಲ್‌ಗೆ ಹೋಗಿ ನಿಂತರೆ ಸಬ್ಬಿನ ವಾಲ್ಯೂಮ್ ತಗ್ಗಿಸಿ ಮತ್ತೆ ಅಳೆಯಿರಿ.

ಮಾತಿನ ವಿಷಯ: ಸೆಂಟರ್ ಸ್ಪೀಕರ್ (ಮಾತು ಹೆಚ್ಚಾಗಿ ಬರುವ ನಡುವಿನ ಸ್ಪೀಕರ್) ಟಿವಿ ಘಟಕದೊಳಗೆ ಹುದುಗಿದ್ದರೆ ಅಂಚಿನವರೆಗೆ ಮುಂದೆ ಎಳೆದು, ಕಿವಿಯತ್ತ ಓರೆ ಮಾಡಿ.