ಗಂಡನ ಮನೆಯವರು 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಮೇಫ್ಲವರ್ ಹಡಗಿನಲ್ಲಿ ಬಂದವರ ವಂಶವಂತೆ. ಆನ್‌ಲೈನ್ ವಂಶವೃಕ್ಷದಲ್ಲಿ 1620ರವರೆಗೂ ಸಿಕ್ಕಿದೆ, ಪಕ್ಕಾ ಮಾಡುವುದೊಂದೇ ಬಾಕಿ. ಪಕ್ಕಾ ಮಾಡಿಕೊಳ್ಳಲು ಯಾವ ಸೈಟ್‌ಗೆ ದುಡ್ಡು ಕಟ್ಟಲಿ? ಡಿಎನ್‌ಎ ಟೆಸ್ಟ್ ಸಾಕಾ?

ಸದ್ಯಕ್ಕೆ ಯಾವ ಸೈಟ್‌ಗೂ ಕಟ್ಟಬೇಡಿ. ಡಿಎನ್‌ಎ ಟೆಸ್ಟೂ ಬೇಡ. "ಆನ್‌ಲೈನ್ ವಂಶವೃಕ್ಷದಲ್ಲಿ 1620ರವರೆಗೂ ಸಿಕ್ಕಿದೆ, ಪಕ್ಕಾ ಮಾಡುವುದೊಂದೇ ಬಾಕಿ" ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಾನು ಒಂದು ಕಾಲದಲ್ಲಿ ನಮ್ಮ ಮಾವನವರಿಗೆ ಹೇಳಿದ್ದೆ. ಆಮೇಲೆ ಏನಾಯಿತು ಅಂತ ಹೇಳುತ್ತೇನೆ, ಕೇಳಿ.

ನಾನು ಶಿವಮೊಗ್ಗ ಕಡೆಯವಳು. ಮದುವೆಯಾಗಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮನೆತನಕ್ಕೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗೆಲ್ಲ ಯಾರಾದರೊಬ್ಬರು "ನಮ್ಮ ಹಿರಿಯರು ಮೇಫ್ಲವರ್‌ನಲ್ಲಿ ಬಂದವರು" ಅಂತ ಶುರು ಮಾಡುತ್ತಿದ್ದರು. ಕಾಗದ ಪತ್ರ ಒಂದೂ ಇಲ್ಲ. ಮಾವನ ಅಜ್ಜಿ ಹೇಳಿದ್ದು, ಅಷ್ಟೇ. ಮಾವನವರಿಗೆ 75 ತುಂಬುವಾಗ ವಂಶಾವಳಿಯ ಪುಸ್ತಕವನ್ನೇ ಉಡುಗೊರೆ ಕೊಡೋಣ ಅಂತ ಹೊರಟೆ. ಭಾರತದಿಂದ ಬಂದ ಸೊಸೆ ಈ ಕೆಲಸ ಮಾಡಿದಳು ಅಂತ ನಾಲ್ಕು ಜನ ಹೊಗಳಲಿ ಅನ್ನುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹತ್ತಿರದ ತಲೆಮಾರುಗಳು ಸಲೀಸಾಗಿ ಸಿಕ್ಕವು. 1850ರ ಜನಗಣತಿಯವರೆಗೆ ಯಾರಿಗೂ ಕಷ್ಟವಾಗುವುದಿಲ್ಲ. ಮನೆಯಲ್ಲಿದ್ದ ಸ್ವತಂತ್ರ ಜನರೆಲ್ಲರ ಹೆಸರು ಬರೆದ ಮೊದಲ ಗಣತಿ ಅದು. 1790ರಿಂದ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ, ಉಳಿದವರು ಬರೀ ಲೆಕ್ಕಕ್ಕೆ. 1890ರ ಗಣತಿ ಸಿಗುವುದಿಲ್ಲ, 1921ರ ಬೆಂಕಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. 1880 ಮತ್ತು 1900ರ ನಡುವೆ ಒಬ್ಬರು ಕಾಣೆಯಾದರೆ ಗಾಬರಿಯಾಗಬೇಡಿ.

ಅದಕ್ಕಿಂತ ಹಿಂದೆ ಹೋದಾಗ ನಮ್ಮ ಕೈಗೆ ಸಿಕ್ಕವನು ಒಬ್ಬ ಸ್ಯಾಮ್ಯುಯಲ್. (ಮನೆತನದ ಹೆಸರು ಹೇಳುವುದಿಲ್ಲ, ನೆಂಟರು ಇದ್ದಾರೆ.) 1755ರಲ್ಲಿ ವೂಸ್ಟರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಒಂದು ಊರಿನಲ್ಲಿ ಮದುವೆಯಾಗಿದ್ದಾನೆ. ಆ ಕಾಲದ ಮದುವೆ ದಾಖಲೆಯಲ್ಲಿ ಗಂಡು ಹೆಣ್ಣಿನ ಹೆಸರು ಮತ್ತು ತಾರೀಕು ಇದ್ದರೆ ಪುಣ್ಯ. ಅಪ್ಪ ಅಮ್ಮನ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗಾದರೆ ಇವನ ಅಪ್ಪ ಯಾರು? ಆನ್‌ಲೈನ್ ವೃಕ್ಷಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ಪ್ಲಿಮತ್ ಕೌಂಟಿಯಲ್ಲಿ 10 ಮೇ 1731ರಂದು ಹುಟ್ಟಿದ ಸ್ಯಾಮ್ಯುಯಲ್ ಇವನೇ. ಆ ಮನೆತನ ನಿಜವಾಗಿಯೂ ಮೇಫ್ಲವರ್‌ನದು. ಬೇಕಾದಷ್ಟು ಜನ ಹಾಕಿದ್ದಾರೆ, ಇಷ್ಟು ಜನ ತಪ್ಪು ಹೇಳುತ್ತಾರಾ ಅಂದುಕೊಂಡೆ. ಒಬ್ಬರ ವೃಕ್ಷದಿಂದ ಇನ್ನೊಬ್ಬರು ನಕಲು ಹೊಡೆದಿದ್ದು ಅಂತ ಆಗ ಹೊಳೆಯಲಿಲ್ಲ.

ಆದರೂ ಸುಮ್ನೆ ನಂಬಿಬಿಡಲಿಲ್ಲ, ಪುಸ್ತಕ ತೆಗೆದು ನೋಡಿದೆ. ಮ್ಯಾಸಚೂಸೆಟ್ಸ್‌ನ ಎಷ್ಟೋ ಊರುಗಳ 1850ರವರೆಗಿನ ಜನನ, ಮದುವೆ, ಮರಣಗಳನ್ನು 1900ರ ನಂತರ ಅಚ್ಚು ಹಾಕಿಸಿದ್ದಾರೆ. ಸ್ಕ್ಯಾನ್ ಮಾಡಿದ್ದು ಪುಕ್ಕಟೆ ಸಿಗುತ್ತದೆ. ಜನನದ ಭಾಗದಲ್ಲಿ ಸ್ಯಾಮ್ಯುಯಲ್ ಇದ್ದ: 10 ಮೇ 1731. ಮರಣದ ಭಾಗ ತಿರುವಿದೆ. ಅಲ್ಲೂ ಅದೇ ಅಪ್ಪ ಅಮ್ಮನ ಮಗ ಸ್ಯಾಮ್ಯುಯಲ್ ಒಬ್ಬ ಇದ್ದ: ತೀರಿಕೊಂಡಿದ್ದು 14 ಫೆಬ್ರವರಿ 1731.

ನಾನು ಎಡವಿದ್ದು ಇಲ್ಲಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನೀವು 1752ರ ಹಿಂದಿನ ಒಂದು ತಾರೀಕನ್ನೂ ಮುಟ್ಟಬಾರದು.

ನಾನು ಲೆಕ್ಕ ಹಾಕಿದ್ದು ಹೀಗೆ: ಫೆಬ್ರವರಿ 1731ರಲ್ಲಿ ಒಂದು ಮಗು ಸತ್ತಿದೆ. ಮೇ 1731ರಲ್ಲಿ ಇನ್ನೊಂದು ಹುಟ್ಟಿದೆ. ಆ ಕಾಲದಲ್ಲಿ ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ಪದ್ಧತಿ ಇತ್ತು, ಅದು ನಿಜವೇ. ಹಾಗಾಗಿ ಸತ್ತವನು ಮೊದಲನೇ ಸ್ಯಾಮ್ಯುಯಲ್, ಮೇ ತಿಂಗಳಲ್ಲಿ ಹುಟ್ಟಿದವನು ಎರಡನೆಯವನು, ಅವನೇ ನಮ್ಮವನು. ಆ ಮೊದಲನೆಯವನ ಜನನ ದಾಖಲೆ ಎಲ್ಲೂ ಇಲ್ಲವಲ್ಲ ಅಂತ ಒಮ್ಮೆ ಅನುಮಾನ ಬಂತು. ದಾಖಲೆ ಬರೆಯುವ ಊರಿನ ಕ್ಲರ್ಕ್ ಬರೆಯಲು ಮರೆತಿರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡೆ. ಎಷ್ಟು ಚೆನ್ನಾಗಿ ಕೂಡಿ ಬಂತು ನೋಡಿ! ನನ್ನ ಪುಸ್ತಕದಲ್ಲಿ ಈ ಜಾಣತನಕ್ಕೆ ಅರ್ಧ ಪುಟ ಅಡಿಟಿಪ್ಪಣಿ ಬೇರೆ ಬರೆದಿದ್ದೆ.

ಆದರೆ 1752ರವರೆಗೆ ಇಂಗ್ಲೆಂಡಿನಲ್ಲಿ ಮತ್ತು ಅದರ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಜನವರಿ 1ಕ್ಕೆ ಅಲ್ಲ. 1731 ಅಂದರೆ ಮಾರ್ಚ್ 25ರಿಂದ ಮುಂದಿನ ಮಾರ್ಚ್ 24ರವರೆಗೆ. ಆ ವರ್ಷದಲ್ಲಿ ಮೇ ಮೊದಲು ಬರುತ್ತದೆ, ಫೆಬ್ರವರಿ ಕೊನೆಗೆ. ಮೇ 1731ರಲ್ಲಿ ಹುಟ್ಟಿದ ಮಗು ಒಂಬತ್ತು ತಿಂಗಳು ಬದುಕಿ ಫೆಬ್ರವರಿ 1731ರಲ್ಲೇ ತೀರಿಕೊಂಡಿದೆ. ನಮ್ಮ ಇವತ್ತಿನ ಲೆಕ್ಕದಲ್ಲಿ ಅದು 1732. ಇದ್ದದ್ದು ಒಬ್ಬನೇ ಸ್ಯಾಮ್ಯುಯಲ್.

ನನಗೆ ಜಾಸ್ತಿ ನಾಚಿಕೆಯಾಗಿದ್ದು ಯಾಕೆ ಗೊತ್ತಾ? ನಾನು ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವಳು. ಸಂವತ್ಸರ ಬದಲಾಗುವುದು ಯುಗಾದಿಗೆ. ಒಂದೇ ಸಂವತ್ಸರದ ವೈಶಾಖದಲ್ಲಿ ಹುಟ್ಟಿದ ಮಗು ಅದೇ ಸಂವತ್ಸರದ ಮಾಘದಲ್ಲಿ ತೀರಿಕೊಂಡಿತು ಅಂದರೆ ನಮ್ಮ ಅಜ್ಜಿ ತಲೆ ಕೆರೆದುಕೊಳ್ಳುತ್ತಿರಲಿಲ್ಲ. ಇಂಗ್ಲಿಷ್ ತಾರೀಕು ಕಂಡ ತಕ್ಷಣ ವರ್ಷ ಜನವರಿಗೇ ಶುರು ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತ್ತು.

ಕೆಲವು ಕ್ಲರ್ಕ್‌ಗಳು ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಕಿಗೆ 1731/32 ಅಂತ ಎರಡೂ ವರ್ಷ ಬರೆಯುತ್ತಿದ್ದರು. ನಮ್ಮ ಕ್ಲರ್ಕ್ ಬರೆದಿರಲಿಲ್ಲ. ಇನ್ನು ಕೆಲವರು ತಿಂಗಳ ಹೆಸರಿನ ಬದಲು ಅಂಕಿ ಹಾಕುತ್ತಿದ್ದರು. ಅಲ್ಲಿ ಒಂದನೇ ತಿಂಗಳು ಮಾರ್ಚ್, ಹನ್ನೆರಡನೆಯದು ಫೆಬ್ರವರಿ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದ ತಾರೀಕು 11 ಫೆಬ್ರವರಿ 1731/32. ಈಗಿನ ಲೆಕ್ಕದಲ್ಲಿ ಅದು 22 ಫೆಬ್ರವರಿ 1732. ಆ ಹನ್ನೊಂದು ದಿನದ ವ್ಯತ್ಯಾಸವೂ 1752ರದ್ದೇ. ಆ ವರ್ಷ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ಹನ್ನೊಂದು ದಿನದಿಂದ ಯಾರ ವಂಶವೂ ಕೆಡುವುದಿಲ್ಲ ಬಿಡಿ. ಕೆಡಿಸುವುದು ವರ್ಷ.

ಅಚ್ಚಾದ ಪುಸ್ತಕದ ಬದಲು ಕ್ಲರ್ಕ್ ಕೈಯಲ್ಲಿ ಬರೆದ ಮೂಲ ಪುಟ ನೋಡಿದ್ದರೂ ಬಚಾವಾಗುತ್ತಿದ್ದೆ. ಅಲ್ಲಿ ಆ ಮನೆಯ ಮಕ್ಕಳೆಲ್ಲ ಒಂದೇ ಪುಟದಲ್ಲಿದ್ದಾರೆ. ಸ್ಯಾಮ್ಯುಯಲ್ ಹುಟ್ಟಿದ ಸಾಲಿನ ಕೆಳಗೇ "ಮೇಲೆ ಹೇಳಿದ ಸ್ಯಾಮ್ಯುಯಲ್ ತೀರಿಕೊಂಡ" ಅಂತ ಬರೆದಿದೆ. ಅಚ್ಚು ಹಾಕುವವರು ಅಕ್ಷರಕ್ರಮದಲ್ಲಿ ಜನನ ಒಂದು ಕಡೆ, ಮರಣ ಒಂದು ಕಡೆ ಜೋಡಿಸಿದಾಗ ಆ "ಮೇಲೆ ಹೇಳಿದ" ಬಿಟ್ಟುಹೋಗಿದೆ.

ಇದೆಲ್ಲ ಗೊತ್ತಾಗುವಷ್ಟರಲ್ಲಿ ಪುಸ್ತಕ ಪ್ರಿಂಟಾಗಿ, ಹುಟ್ಟುಹಬ್ಬ ಮುಗಿದು, ನೆಂಟರ ಮನೆಮನೆಗೂ ಒಂದೊಂದು ಪ್ರತಿ ಸೇರಿತ್ತು. ಗಟ್ಟಿ ರಟ್ಟು, ಒಳ್ಳೆಯ ಕಾಗದ, ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾವನ ತಂಗಿ ಅದನ್ನೇ ಹಿಡಿದುಕೊಂಡು ಒಂದು ವಂಶಜರ ಸಂಘಕ್ಕೆ ಅರ್ಜಿ ಹಾಕಿದರು. ನೀವು ತೋರಿಸಿದ ಸ್ಯಾಮ್ಯುಯಲ್ ಒಂಬತ್ತು ತಿಂಗಳ ಮಗುವಾಗಿದ್ದಾಗಲೇ ಸತ್ತಿದ್ದಾನೆ ಅಂತ ಉತ್ತರ ಬಂತು. ಮಾವನ ತಂಗಿ ಆಗಲೇ ಊರಿಗೆಲ್ಲ ಹೇಳಿಕೊಂಡು ಆಗಿತ್ತು. ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಮಾವನವರು ಮಾತ್ರ ಏನೂ ಅನ್ನಲಿಲ್ಲ. "ಹಾಗಾದರೆ ನಮ್ಮವನ ಅಪ್ಪ ಯಾರು?" ಅಂದರು.

ಮೇಫ್ಲವರ್ ವಂಶಜರ ಸಂಘ 1897ರಿಂದ ಇದೆ. ಹಡಗಿನಲ್ಲಿ ಬಂದವರಿಂದ ಹಿಡಿದು ಐದು ತಲೆಮಾರುಗಳನ್ನು ದಾಖಲೆ ಸಮೇತ ಬೆಳ್ಳಿ ಬಣ್ಣದ ರಟ್ಟಿನ ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ಕೆಲಸ ಏನಿದ್ದರೂ ಕೆಳಗಿನಿಂದ ಹತ್ತಿ ಆ ಐದನೇ ತಲೆಮಾರನ್ನು ಮುಟ್ಟುವುದು. ಲೈಬ್ರರಿಯಲ್ಲಿ ಆ ಸಂಪುಟ ತೆರೆದಿದ್ದರೆ ಸ್ಯಾಮ್ಯುಯಲ್ ಎಳೆಯದರಲ್ಲೇ ಸತ್ತ ಅಂತ ನನಗೂ ಒಂದು ಸಾಲಿನಲ್ಲಿ ಸಿಕ್ಕಿರುತ್ತಿತ್ತು. ನಾನು ವೃಕ್ಷಗಳ ಮುಂದೆ ಕೂತಿದ್ದೆ.

ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜನನ ಮರಣದ ಪುಸ್ತಕದಲ್ಲಿ ಅಲ್ಲ, ಆಸ್ತಿ ಕಾಗದದಲ್ಲಿ. ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಅಮೆರಿಕದ ರಾಜ್ಯಗಳು) ಕಡೆಯವರ ಸತ್ಯ ಇರುವುದೆಲ್ಲ ಅಲ್ಲೇ. 1768ರ ಒಂದು ಕ್ರಯಪತ್ರದಲ್ಲಿ ನಮ್ಮ ಸ್ಯಾಮ್ಯುಯಲ್ "ತೀರಿಹೋದ ನನ್ನ ಅಪ್ಪ ಜೋಸೆಫ್‌ನಿಂದ ಬಂದ ಪಾಲು" ಅಂತ ಜಮೀನು ಮಾರಿದ್ದಾನೆ. ಹೆಂಡತಿಯೂ ಒಪ್ಪಿಗೆಯ ಗುರುತು ಹಾಕಿದ್ದಾಳೆ, 1755ರ ಮದುವೆಯ ಅದೇ ಹೆಸರು. ಆ ಜೋಸೆಫ್‌ನ ಪ್ರೊಬೇಟ್ ಕಡತ, ಅಂದರೆ ಸತ್ತವರ ಆಸ್ತಿ ಇತ್ಯರ್ಥದ ಕೋರ್ಟ್ ಕಡತ, ಹುಡುಕಿದರೆ ಸ್ಯಾಮ್ಯುಯಲ್ ಮೈನರ್ ಆಗಿದ್ದಾಗಿನ ಗಾರ್ಡಿಯನ್ ಪತ್ರ ಸಿಕ್ಕಿತು. ಹದಿನಾಲ್ಕು ದಾಟಿದ ಹುಡುಗರು ಗಾರ್ಡಿಯನ್ ಯಾರಾಗಬೇಕೆಂದು ತಾವೇ ಆರಿಸಿಕೊಳ್ಳಬಹುದಿತ್ತು. ಅಪ್ಪನ ಹೆಸರು, ಮಗನ ಹೆಸರು, ಊರು, ಎಲ್ಲ ಒಂದೇ ಹಾಳೆಯಲ್ಲಿ. ಆಸ್ತಿ ಹಂಚಿದ ಪತ್ರವೂ ಇತ್ತು. ಉಯಿಲು ಇಲ್ಲದೆ ಸತ್ತರೆ ಆ ಕಾಲದ ಮ್ಯಾಸಚೂಸೆಟ್ಸ್‌ನಲ್ಲಿ ಹಿರಿಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಯಾರು ಹಿರಿಯ, ಹೆಣ್ಣುಮಕ್ಕಳು ಯಾರನ್ನು ಮದುವೆಯಾದರು, ಎಲ್ಲ ಅದರಿಂದ ತಿಳಿಯುತ್ತದೆ.

ಈ ಜೋಸೆಫ್ ಯಾವ ಹಡಗಿನಲ್ಲೂ ಹೆಸರು ಬಿಟ್ಟವನಲ್ಲ. ಚಮ್ಮಾರ ಕೆಲಸ ಮಾಡುತ್ತಿದ್ದ. ಅವನು ಎಲ್ಲಿಂದ ಬಂದ ಅಂತ ತಿಳಿದದ್ದು ಊರು ಬಿಡಲು ಕೊಟ್ಟ ನೋಟಿಸಿನಿಂದ. ಆಗ ಹೊಸದಾಗಿ ಬಂದವರು ಬಡವರಾದರೆ ಅವರನ್ನು ಸಾಕುವ ಭಾರ ಊರಿನ ಮೇಲೆ ಬೀಳುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಕಾನ್‌ಸ್ಟೇಬಲ್ ಮೂಲಕ "ನೀವು ಇಲ್ಲಿಯವರಲ್ಲ, ಹೊರಡಿ" ಅಂತ ನೋಟಿಸು ಕೊಡುತ್ತಿದ್ದರು. ನೋಟಿಸು ಸಿಕ್ಕರೂ ಎಷ್ಟೋ ಜನ ಅಲ್ಲೇ ಉಳಿದರು. ನಮ್ಮ ಜೋಸೆಫ್ ಕೂಡ. ಆದರೆ ಆ ಕಾಗದದಲ್ಲಿ ಗಂಡ, ಹೆಂಡತಿ, ಮಕ್ಕಳ ಹೆಸರು, ಯಾವ ಊರಿನಿಂದ ಬಂದರು, ಎಲ್ಲ ಇದೆ. ವೂಸ್ಟರ್ ಕೌಂಟಿಯ 1737ರಿಂದ 1788ರವರೆಗಿನ ಇಂಥ ನೋಟಿಸುಗಳು ಪುಸ್ತಕವಾಗಿ ಬಂದಿವೆ. ಮಾವನವರಿಗೆ ಇವನು ಎಷ್ಟು ಇಷ್ಟವಾದ ಅಂದರೆ ಈಗ ಊಟಕ್ಕೆ ಕೂತಾಗ ಈ ನೋಟಿಸಿನ ಕಥೆಯೇ ಜೋರು. ಮಾವನ ತಂಗಿ ಎದ್ದು ಹೋಗುತ್ತಾರೆ.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನ್ನ ಅಭಿಪ್ರಾಯ. ಮೇಫ್ಲವರ್‌ನಲ್ಲಿ ಬಂದವರು 102 ಜನ, ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. 1620ರಿಂದ 1640ರೊಳಗೆ ನ್ಯೂ ಇಂಗ್ಲೆಂಡಿಗೆ ಬಂದ ಇಂಗ್ಲಿಷರು ಸುಮಾರು 20,000. ಆ 102ರಲ್ಲೇ ನಮ್ಮವರಿರಬೇಕು ಅಂತ ಮೊದಲೇ ಮನಸ್ಸು ಮಾಡಿಕೊಂಡರೆ ನಿಮಗೂ ಒಬ್ಬ ಸ್ಯಾಮ್ಯುಯಲ್ ಸಿಕ್ಕೇ ಸಿಗುತ್ತಾನೆ. ಕೆಳಗಿನಿಂದ ಹೋಗಿ. ಪ್ರತಿ ತಲೆಮಾರಿಗೂ "ಇವನು ಇವನ ಮಗ" ಅಂತ ಹೇಳುವ ಒಂದು ಕಾಗದ ಬೇಕು. ಹೆಸರು ಹೊಂದಿತು, ವಯಸ್ಸು ಹೊಂದಿತು ಅನ್ನುವುದು ಕಾಗದವಲ್ಲ.

ಡಿಎನ್‌ಎ ಯಾಕೆ ಬೇಡ ಅಂದರೆ, ಹತ್ತು ತಲೆಮಾರು ಹಿಂದೆ ನಿಮ್ಮ ಯಜಮಾನರಿಗೆ 1,024 ಪೂರ್ವಜರ ಜಾಗ ಇದೆ. ಅವರಲ್ಲಿ ಹಲವರ ಡಿಎನ್‌ಎ ಇವರ ಮೈಯಲ್ಲಿ ಚೂರೂ ಉಳಿದಿರುವುದಿಲ್ಲ. ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮಿನ ಟೆಸ್ಟ್ ಬೇರೆ, ಆದರೆ ಅದು ಗಂಡು ಸಾಲಿನ ಒಂದೇ ಎಳೆ.

ದುಡ್ಡಿನ ಮಾತು. ಫ್ಯಾಮಿಲಿಸರ್ಚ್ ಅನ್ನುವ ಸೈಟ್ ಪುಕ್ಕಟೆ, ಲಾಗಿನ್ ಮಾಡಿದರೆ ಸಾಕು. ಅದರಲ್ಲಿ ಯಾರು ಬೇಕಾದರೂ ತಿದ್ದುವ ವೃಕ್ಷ ಇದೆ, ಅದರ ಹತ್ತಿರ ಹೋಗಬೇಡಿ. ಮ್ಯಾಸಚೂಸೆಟ್ಸ್‌ನ ಕ್ರಯಪತ್ರಗಳ ಚಿತ್ರಗಳಿವೆ, ಮಾರಿದವರ ಮತ್ತು ಕೊಂಡವರ ಸೂಚಿ ಬೇರೆಬೇರೆ, ಎರಡನ್ನೂ ನೋಡಿ. 2024ರಿಂದ ಕೈಬರಹವನ್ನು ಕಂಪ್ಯೂಟರೇ ಓದಿ ಒಳಗಿನ ಹೆಸರನ್ನೂ ಹುಡುಕಿಕೊಡುವ ಸೌಲಭ್ಯ ಬಂದಿದೆ. ಇದು ಆಗಲೇ ಇದ್ದಿದ್ದರೆ ಜೋಸೆಫ್ ಒಂದು ಸಂಜೆಯಲ್ಲಿ ಸಿಗುತ್ತಿದ್ದ. ಬಾಸ್ಟನ್ನಿನಲ್ಲಿ 1845ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ವಂಶಾವಳಿ ಸೊಸೈಟಿಗೆ ದುಡ್ಡು ಕೊಟ್ಟರೆ ವ್ಯರ್ಥವಾಗುವುದಿಲ್ಲ. ಆದರೆ ಅದು 1800ರ ಹಿಂದಕ್ಕೆ ಹೋದ ಮೇಲೆ.

ಊರು ಯಾವ ಕೌಂಟಿಯಲ್ಲಿತ್ತು ಅಂತ ಆ ವರ್ಷಕ್ಕೆ ನೋಡಿ, ಈಗಿನದಕ್ಕಲ್ಲ. ವೂಸ್ಟರ್ ಕೌಂಟಿ ಹುಟ್ಟಿದ್ದೇ 1731ರಲ್ಲಿ. ಅದಕ್ಕೂ ಹಿಂದಿನ ಕಾಗದ ಪಕ್ಕದ ಹಳೆಯ ಕೌಂಟಿಗಳಲ್ಲಿರುತ್ತದೆ. ಕನೆಕ್ಟಿಕಟ್‌ನಲ್ಲಿ ಜಮೀನಿನ ಪತ್ರ ಊರಿನ ಕಚೇರಿಯಲ್ಲೇ ಇರುತ್ತದೆ, ಕೌಂಟಿಯಲ್ಲಲ್ಲ. ತಾಯಿ ಕಡೆಯಿಂದ ಎಲ್ಲಾದರೂ ವರ್ಜೀನಿಯಾಗೆ ಹೋದರೆ ಅಲ್ಲಿ ಎಷ್ಟೋ ಕೌಂಟಿಗಳ ದಾಖಲೆ ಅಂತರ್ಯುದ್ಧದಲ್ಲಿ ಸುಟ್ಟುಹೋಗಿದೆ, ಈ ಉತ್ತರದಲ್ಲಿ ಅರ್ಧ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು, ನಿಮ್ಮ ಅತ್ತೆ ಮಾವನ ಜೊತೆ ಕೂತು ಪ್ರೊಬೇಟ್ ಕಡತ ತೆರೆಯುವ ಮುಂಚೆ ಒಬ್ಬರೇ ಒಮ್ಮೆ ಓದಿಕೊಳ್ಳಿ. ಸತ್ತವರ ಮನೆಯ ಪಾತ್ರೆ, ಹಾಸಿಗೆ, ಹಸು ಎಲ್ಲಕ್ಕೂ ಬೆಲೆ ಕಟ್ಟಿರುತ್ತಾರೆ. ಸ್ಥಿತಿವಂತರ ಪಟ್ಟಿಯಲ್ಲಿ ಕೆಲವು ಸಲ ಮನುಷ್ಯರಿಗೂ ಬೆಲೆ ಕಟ್ಟಿರುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಗಿರಿ 1783ರ ಸುಮಾರಿನ ಕೋರ್ಟ್ ತೀರ್ಪುಗಳವರೆಗೆ ಇತ್ತು. ದಕ್ಷಿಣದಲ್ಲಿ ಮಾತ್ರ ಅಂತ ನಮ್ಮ ಮನೆಯವರು ನಂಬಿದ್ದರು. ಆ ಪಟ್ಟಿ ಸಿಕ್ಕರೆ ಮುಚ್ಚಿಡಬೇಡಿ, ಗುಲಾಮನ ಹೆಸರು ಬರೆದಿದ್ದರೆ ನಿಮ್ಮ ಪುಸ್ತಕದಲ್ಲೂ ಹಾಕಿ. ಅವರ ವಂಶದವರೂ ಯಾರೋ ಹುಡುಕುತ್ತಿರುತ್ತಾರೆ.

ಈ ವಾರ 1850ರ ಗಣತಿಯಲ್ಲಿ ನಿಮ್ಮವರು ಎಲ್ಲಿದ್ದರು ಅಂತ ಹುಡುಕಿ. ಊರು ಮತ್ತು ರಾಜ್ಯ ಕಾಮೆಂಟಿನಲ್ಲಿ ಹಾಕಿದರೆ ಯಾವ ಕೌಂಟಿಯ ಕಾಗದ ಮೊದಲು ತೆಗೆಯಬೇಕು ಅಂತ ಹೇಳುತ್ತೇನೆ. ಬದುಕಿರುವವರ ಹೆಸರು ಹಾಕಬೇಡಿ. ಪುಸ್ತಕ ಪ್ರಿಂಟ್ ಮಾಡಿಸುವ ಯೋಚನೆ ಇದ್ದರೆ ಸ್ಪೈರಲ್ ಬೈಂಡಿಂಗ್ ಸಾಕು.