ಡ್ರೈವರ್ ಕೈ ಅಡ್ಡ ಹಿಡಿಯಬೇಕು

ಓದುಗರ ನೆಟ್‌ವರ್ಕ್ ಪ್ರಶ್ನೆಗಳು, ಕಾರವಾರದಿಂದ ಉತ್ತರ

ಪ್ರಶ್ನೆ: ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಒಂದು ಲಿನಕ್ಸ್ ಸರ್ವರ್, ಅದರಲ್ಲಿ ಕೆವಿಎಂ, ಅಂದರೆ ಸರ್ವರಿನೊಳಗೆ ವರ್ಚುವಲ್ ಯಂತ್ರ (ವಿಎಂ) ನಡೆಸುವ ವ್ಯವಸ್ಥೆ. ಲೆಕ್ಕದ ಫೈಲುಗಳು ಮತ್ತು ಆಸ್ಟರಿಸ್ಕ್ ಫೋನ್ ಎಕ್ಸ್‌ಚೇಂಜ್ ಒಂದೇ ವಿಎಂನಲ್ಲಿವೆ. ಅದಕ್ಕೆ ಒಂದೇ ವಿಸಿಪಿಯು (ವರ್ಚುವಲ್ ಪ್ರೊಸೆಸರ್), ಸಾಫ್ಟ್‌ವೇರ್ ಅನುಕರಿಸುವ ನೆಟ್‌ವರ್ಕ್ ಕಾರ್ಡ್ ಇ1000. ಸಂಜೆ ಎಲ್ಲ ಕಂಪ್ಯೂಟರುಗಳ ಬ್ಯಾಕಪ್ ಶುರುವಾದರೆ ಫೋನಿನಲ್ಲಿ ಮಾತು ತುಂಡು ತುಂಡಾಗುತ್ತದೆ. ವಿಎಂಗೆ ಸಂಪರ್ಕ ಕೊಡುವ ಸರ್ವರಿನ ಟ್ಯಾಪ್ ಇಂಟರ್‌ಫೇಸಿನಲ್ಲಿ ಟಿಎಕ್ಸ್ ಡ್ರಾಪ್ (ಕಳಿಸುವಾಗ ಬಿದ್ದುಹೋದ ಪ್ಯಾಕೆಟ್ಟುಗಳ ಎಣಿಕೆ) ಏರುತ್ತಲೇ ಇತ್ತು. ಅದರ ಕ್ಯೂ (ಕಾಯುವ ಸಾಲು) ಉದ್ದವನ್ನು 1000 ಪ್ಯಾಕೆಟ್ಟಿನಿಂದ 10000ಕ್ಕೆ ಏರಿಸಿದೆ. ಡ್ರಾಪ್ ನಿಂತಿತು, ಆದರೆ ಈಗ ಮಾತು ತಡವಾಗಿ ಕೇಳುತ್ತದೆ. ಟ್ಯಾಪ್ ಮೇಲೆ ಎಫ್‌ಕ್ಯೂ-ಕೋಡೆಲ್ (ಯಾವ ಪ್ಯಾಕೆಟ್ ಮೊದಲು ಹೋಗಬೇಕು ಅಂತ ನೋಡುವ ಕ್ಯೂಡಿಸ್ಕ್) ಇದೆ, ಆದರೆ ಟಿಸಿ ಕಮಾಂಡಿನಲ್ಲಿ ಅದರ ಬ್ಯಾಕ್‌ಲಾಗ್ (ಅದರ ಬಳಿ ಕಾಯುತ್ತಿರುವ ಪ್ಯಾಕೆಟ್) ಯಾವಾಗಲೂ ಸೊನ್ನೆ. ಕ್ಯೂ ಇನ್ನೂ ಉದ್ದ ಮಾಡಲೇ?

ಉತ್ತರ: ಬೇಡ. ಮೊದಲು 1000ಕ್ಕೇ ವಾಪಸ್ ತನ್ನಿ. ನಿಮ್ಮ ಪತ್ರದಲ್ಲಿ ಕೊನೆಗೆ ಬರೆದ ಸೊನ್ನೆಯೇ ಎಲ್ಲಕ್ಕಿಂತ ಮುಖ್ಯವಾದ ಸುಳಿವು.

ಟ್ಯಾಪ್‌ನಲ್ಲಿ ಟಿಎಕ್ಸ್ ಅಂದರೆ ಸರ್ವರಿನಿಂದ ವಿಎಂ ಕಡೆಗೆ ಹೋಗುವ ಪ್ಯಾಕೆಟ್. ಅದು ಮೊದಲು ಎಫ್‌ಕ್ಯೂ-ಕೋಡೆಲ್ ಕೈಗೆ ಬರುತ್ತದೆ. ಅಲ್ಲಿಂದ ಟ್ಯಾಪ್ ಡ್ರೈವರಿಗೆ. ಡ್ರೈವರ್ ಅದನ್ನು ತನ್ನ ರಿಂಗಿನಲ್ಲಿ, ಅಂದರೆ ಇಷ್ಟೇ ಜಾಗ ಅಂತ ಗೊತ್ತುಮಾಡಿದ ಸಾಲಿನಲ್ಲಿ, ಇಡುತ್ತದೆ. ವಿಎಂ ನಡೆಸುವ ಕ್ಯೂಎಮು ಪ್ರೋಗ್ರಾಮ್ ಬಂದು ಎತ್ತಿಕೊಂಡು ವಿಎಂಗೆ ಕೊಡುತ್ತದೆ. ನೀವು ಉದ್ದ ಮಾಡಿದ್ದು ಈ ರಿಂಗನ್ನು.

ರಿಂಗ್ ತುಂಬಿದರೆ ಡ್ರೈವರ್ ಏನು ಮಾಡಬೇಕು? ಮೇಲಿನವರಿಗೆ 'ನಿಲ್ಲಿ, ಜಾಗ ಇಲ್ಲ' ಅನ್ನಬೇಕು. ಲಿನಕ್ಸಿನಲ್ಲಿ ಅದಕ್ಕೆ ಕ್ಯೂ ಸ್ಟಾಪ್, ಕ್ಯೂ ವೇಕ್ ಎಂಬ ಕರೆಗಳೇ ಇವೆ. ನಿಜವಾದ ಎತರ್ನೆಟ್ ಕಾರ್ಡುಗಳ ಡ್ರೈವರ್ ಈ ಕೆಲಸ ಮಾಡುತ್ತದೆ. ನಿಮ್ಮ ಸರ್ವರಿನ ಟ್ಯಾಪ್ ಮಾಡುತ್ತಿಲ್ಲ. ಜಾಗ ಇಲ್ಲದಿದ್ದರೆ ಬಂದ ಪ್ಯಾಕೆಟ್ಟನ್ನು ಬಿಸಾಡಿ, ಇನ್ನೊಂದನ್ನು ತಗೊಳ್ಳಲು ತಯಾರಾಗುತ್ತದೆ.

ತದಡಿ ಧಕ್ಕೆಯಲ್ಲಿ ಅಘನಾಶಿನಿಗೆ ಬೈಕ್ ದಾಟಿಸುವ ದೋಣಿ ನೋಡಿರಬಹುದು. ದೋಣಿ ತುಂಬಿದರೆ ಹತ್ತಿಸುವವನು ಕೈ ಅಡ್ಡ ಹಿಡಿಯುತ್ತಾನೆ. ಉಳಿದವರು ಧಕ್ಕೆಯ ಮೇಲೆ ನಿಲ್ಲುತ್ತಾರೆ. ಅಲ್ಲಿ ನಿಂತಿದ್ದರೆ ಆಸ್ಪತ್ರೆಗೆ ಹೊರಟವರನ್ನು ಮುಂದೆ ಬಿಡಬಹುದು. ಕೈ ಅಡ್ಡ ಹಿಡಿಯದೆ, ಹಿಂದೆ ಬಂದ ಬೈಕನ್ನೆಲ್ಲ ನೀರಿಗೆ ತಳ್ಳಿದರೆ? ಧಕ್ಕೆ ಖಾಲಿಯೇ ಇರುತ್ತದೆ. ನಿಮ್ಮ ಸೊನ್ನೆ ಬ್ಯಾಕ್‌ಲಾಗ್ ಅದೇ.

ಎಫ್‌ಕ್ಯೂ-ಕೋಡೆಲ್ ಬಹಳ ಒಳ್ಳೆಯ ಕೆಲಸಗಾರ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಮುಂದಿಟ್ಟರು. ಅದೇ ವರ್ಷ ಎರಿಕ್ ಡ್ಯೂಮಜೆ ಅದನ್ನು ಹರಿವುಗಳ ಪ್ರಕಾರ ಬೇರ್ಪಡಿಸಿ ಲಿನಕ್ಸ್ 3.5ಕ್ಕೆ ತಂದರು. ಕಾಯುವ ಸಮಯ 5 ಮಿಲಿಸೆಕೆಂಡ್ ದಾಟಿ ಹಾಗೇ ಉಳಿದರೆ ಅದು ಜಾಸ್ತಿ ತುಂಬುತ್ತಿರುವ ಹರಿವಿನಿಂದ ಪ್ಯಾಕೆಟ್ ತೆಗೆಯಲು ಶುರುಮಾಡುತ್ತದೆ. ಫೋನಿನ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಬರುವ ಚಿಕ್ಕ ಪ್ಯಾಕೆಟ್. ಅಂಥ ತೆಳು ಹರಿವನ್ನು ಅದು ಮುಂದೆ ಬಿಡುತ್ತದೆ. ನಿಮಗೆ ಬೇಕಾದದ್ದು ಸರಿಯಾಗಿ ಇದೇ ಅಲ್ವಾ? ಆದರೆ ಸಾಲು ಅದರ ಬಳಿ ನಿಂತರೆ ಮಾತ್ರ ಅದಕ್ಕೆ ಆರಿಸುವ ಅವಕಾಶ. ನಿಮ್ಮಲ್ಲಿ ಸಾಲು ನಿಲ್ಲುತ್ತಿರುವುದು ರಿಂಗಿನಲ್ಲಿ. ರಿಂಗಿಗೆ ಬ್ಯಾಕಪ್ ಯಾವುದು, ಮಾತು ಯಾವುದು ಗೊತ್ತಿಲ್ಲ. ಮೊದಲು ಬಂದದ್ದು ಮೊದಲು ಹೋಗುತ್ತದೆ, ಕೊನೆಗೆ ಬಂದದ್ದು ಬೀಳುತ್ತದೆ.

ಈಗ 10000ದ ಲೆಕ್ಕ. ಪ್ಯಾಕೆಟ್ಟಿಗೆ 1500 ಬೈಟ್ ಹಿಡಿದರೆ ಒಟ್ಟು ಒಂದೂವರೆ ಕೋಟಿ ಬೈಟ್, ಅಂದರೆ 12 ಕೋಟಿ ಬಿಟ್. ವಿಎಂ ಸೆಕೆಂಡಿಗೆ 100 ಮೆಗಾಬಿಟ್ ಎತ್ತಿಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ತುಂಬಿದ ರಿಂಗಿನ ಬಾಲಕ್ಕೆ ಬಂದ ಮಾತಿನ ಪ್ಯಾಕೆಟ್ 1.2 ಸೆಕೆಂಡ್ ಕಾಯಬೇಕು. 1000 ಇದ್ದಾಗ 0.12 ಸೆಕೆಂಡ್. ನನ್ನ ಮನೆಯ ಹಳೆ ಡೆಸ್ಕ್‌ಟಾಪಿನಲ್ಲಿ ಇದೇ ಜೋಡಣೆ ಮಾಡಿ ನೋಡಿದೆ. ಡ್ರಾಪ್ ಎಣಿಕೆ ನಿಂತು ಪಿಂಗ್ ಸಮಯ ಏರುವುದು ಕಣ್ಣಿಗೇ ಕಾಣುತ್ತದೆ. ಡ್ರಾಪ್ ಸೊನ್ನೆ ಆಯಿತು ಅಂತ ಖುಷಿಪಡುವವರು ತುಂಬ ಜನ. ದಯವಿಟ್ಟು ಆ ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ.

ಟ್ಯಾಪ್ ಹೀಗೇಕೆ ಅಂತ ಕೇಳಬಹುದು. ಮೊದಲು ಅದೂ ಕ್ಯೂ ನಿಲ್ಲಿಸುತ್ತಿತ್ತು. 2012ರ ಕೊನೆಯಲ್ಲಿ ಅದನ್ನು ತೆಗೆದರು. ವಿಎಂ ಸಿಕ್ಕಿಹಾಕಿಕೊಂಡು ಓದುವುದನ್ನೇ ಬಿಟ್ಟರೆ, ಮೇಲೆ ನಿಂತ ಪ್ಯಾಕೆಟ್ಟುಗಳು ಕಳಿಸಿದವರ ಮೆಮೊರಿಯನ್ನು ಹಿಡಿದುಕೊಂಡೇ ಇರುತ್ತವೆ. ಒಂದು ವಿಎಂನ ತೊಂದರೆಯಿಂದ ಇನ್ನೊಬ್ಬರು ಕೂಡ ನಿಂತುಬಿಡಬಹುದು. ಆ ಕಾರಣ ನಿಜವಾದದ್ದೇ, ಸುಮ್ನೆ ತೆಗೆದದ್ದಲ್ಲ. ಆದರೆ ಆಗ ಎಫ್‌ಕ್ಯೂ-ಕೋಡೆಲ್ ಬಂದು ಒಂದು ವರ್ಷವೂ ಆಗಿರಲಿಲ್ಲ. ಕ್ಯೂ ನಿಲ್ಲಿಸುವುದರ ಬೆಲೆ ಇವತ್ತು ಬೇರೆ. ಕಂಟೇನರುಗಳು ಬಳಸುವ ವೆತ್ ಡ್ರೈವರಿಗೆ 2025ರ ಲಿನಕ್ಸ್ 6.16ರಲ್ಲಿ ಈ ತಡೆ ಬಂತು. ರಿಂಗ್ ತುಂಬಿದರೆ ಅದು ಕ್ಯೂ ನಿಲ್ಲಿಸುತ್ತದೆ, ಮೇಲೆ ಒಂದು ಕ್ಯೂಡಿಸ್ಕ್ ಹಾಕಿದ್ದರೆ ಮಾತ್ರ. ಟ್ಯಾಪ್‌ಗೂ ಇದನ್ನು ಮರಳಿ ತರುವ ಪ್ಯಾಚುಗಳು ಅದೇ ವರ್ಷ ಬಂದವು. ನನ್ನ ಮಟ್ಟಿಗೆ ಇದು ಬಹಳ ಸರಿಯಾದ ದಾರಿ.

ಅಲ್ಲಿಯವರೆಗೆ ವಖಾರಿ ಸರ್ವರಿಗೆ ಹೀಗೆ ಮಾಡಿ. ಇ1000 ತೆಗೆದು ವಿಎಂಗಳಿಗೆಂದೇ ಮಾಡಿದ ವರ್ಟಿಯೋ ಕಾರ್ಡ್ ಹಾಕಿ, ಜೊತೆಗೆ ವಿಹೋಸ್ಟ್ (ಪ್ಯಾಕೆಟ್ ಎತ್ತುವ ಕೆಲಸವನ್ನು ಕ್ಯೂಎಮು ಬದಲು ಲಿನಕ್ಸ್ ಕರ್ನಲ್‌ಗೆ ಕೊಡುವುದು) ಆನ್ ಮಾಡಿ. ಇನ್ನೊಂದು ವಿಸಿಪಿಯು ಕೊಡಿ. ವಿಎಂ ಎತ್ತಿಕೊಳ್ಳುವ ವೇಗ ಜಾಸ್ತಿಯಾದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಆಮೇಲೆ ಟ್ಯಾಪ್ ಮೇಲೆ ಎಫ್‌ಕ್ಯೂ-ಕೋಡೆಲ್ ಬದಲು ಕೇಕ್ ಕ್ಯೂಡಿಸ್ಕ್ ಹಾಕಿ, ವಿಎಂ ಎತ್ತಿಕೊಳ್ಳಬಲ್ಲ ವೇಗಕ್ಕಿಂತ ಸ್ವಲ್ಪ ಕಡಿಮೆ ಮಿತಿ ಕೊಡಿ. ಆ ವೇಗ ಎಷ್ಟು ಅಂತ ಐಪರ್ಫ್‌ನಿಂದ ಅಳೆಯಿರಿ. ಆಗ ರಿಂಗ್ ತುಂಬುವುದು ಅಪರೂಪ, ಸಾಲು ಕೇಕ್ ಬಳಿ ನಿಲ್ಲುತ್ತದೆ. ಬ್ಯಾಕ್‌ಲಾಗ್ ಸೊನ್ನೆ ಬಿಟ್ಟು ಏರಿತು ಅಂದರೆ ಹೆದರಬೇಡಿ. ಕೇಕ್ ಕೆಲಸ ಮಾಡುತ್ತಿದೆ ಅಂತ ಅರ್ಥ.

ಪ್ರಶ್ನೆ: ಕುಮಟಾದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿ. ವರ್ಟಿಯೋ ನೆಟ್ ಡ್ರೈವರಿನ ಕೋಡ್ ಓದುತ್ತಿದ್ದೇನೆ. ರಿಂಗಿನಲ್ಲಿ ಇನ್ನೂ ಜಾಗ ಇರುವಾಗಲೇ ಕ್ಯೂ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಜಾಗ ಇದೆಯೇ ಅಂತ ಮತ್ತೆ ನೋಡುತ್ತಾರೆ. ಇದೇಕೆ?

ಉತ್ತರ: ಒಂದು ಪ್ಯಾಕೆಟ್ ಒಂದೇ ಜಾಗ ಹಿಡಿಯಬೇಕೆಂದಿಲ್ಲ. ಅದರ ಡೇಟಾ ಸಾಮಾನ್ಯ ಕರ್ನಲ್‌ನಲ್ಲಿ 17 ತುಣುಕುಗಳವರೆಗೆ ಚದುರಿರಬಹುದು. ಅದರ ಮೇಲೆ 2 ಸೇರಿಸಿ 19. ಇಷ್ಟು ಜಾಗ ಇಲ್ಲದಿದ್ದರೆ ಮುಂದಿನ ಪ್ಯಾಕೆಟ್ ಹಿಡಿಸದೇ ಹೋಗಬಹುದು. ಹಿಡಿಸದಿದ್ದರೆ 'ಬ್ಯುಸಿ' ಅಂತ ವಾಪಸ್ ಕಳಿಸಬೇಕು, ಮೇಲಿನವರು ಅದನ್ನು ಮತ್ತೆ ಸಾಲಿಗೆ ಹಾಕಬೇಕು. ಆದ್ದರಿಂದ ಈ ಪ್ಯಾಕೆಟ್ ಇಟ್ಟ ಕೂಡಲೇ, ಮುಂದಿನದು ಬರುವ ಮೊದಲೇ ನಿಲ್ಲಿಸುತ್ತಾರೆ.

ನಿಮ್ಮ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. ಡ್ರೈವರ್ ಜಾಗ ನೋಡಿತು, ಸಾಲದು. ಇನ್ನೇನು ಕ್ಯೂ ನಿಲ್ಲಿಸಬೇಕು. ಅಷ್ಟರಲ್ಲಿ ಬೇರೆ ಸಿಪಿಯುನಲ್ಲಿ ರಿಂಗ್ ಪೂರ್ತಿ ಖಾಲಿಯಾಯಿತು. ಖಾಲಿ ಮಾಡಿದವರು ಕ್ಯೂ ನಿಂತಿದೆಯೇ ಅಂತ ನೋಡಿದರು. ನಿಂತಿಲ್ಲ, ಹೊರಟುಹೋದರು. ಆಮೇಲೆ ಡ್ರೈವರ್ ಕ್ಯೂ ನಿಲ್ಲಿಸಿತು. ಇನ್ನು ಎಬ್ಬಿಸುವವರು ಯಾರು? ರಿಂಗ್ ಖಾಲಿ, ಕ್ಯೂ ನಿದ್ದೆ. ಇದನ್ನು ತಪ್ಪಿಸಲು ನಿಲ್ಲಿಸಿದ ಮೇಲೆ ಮತ್ತೆ ನೋಡುವುದು. ಜಾಗ ಆಗಿದ್ದರೆ ತಾನೇ ಶುರುಮಾಡುತ್ತದೆ. ನಿಲ್ಲಿಸಿದ್ದು ಬೇರೆ ಸಿಪಿಯುಗೆ ಕಾಣುವ ಮೊದಲೇ ಜಾಗ ಓದಬಾರದು, ಅದಕ್ಕಾಗಿ ನಡುವೆ ಮೆಮೊರಿ ಬ್ಯಾರಿಯರ್ ಬೇಕು. 2023ರಲ್ಲಿ ಕರ್ನಲ್ ಇದಕ್ಕಾಗಿ ಎಲ್ಲ ಡ್ರೈವರುಗಳಿಗೂ ಸಿದ್ಧ ಮ್ಯಾಕ್ರೋ (ಕೋಡ್ ತುಣುಕು) ಕೊಟ್ಟಿತು. ಹೊಸ ಡ್ರೈವರ್ ಬರೆಯುವುದಾದರೆ ಅದನ್ನೇ ಬಳಸಿ, ಕೈಯಿಂದ ಬರೆಯಬೇಡಿ.

ಎಬ್ಬಿಸುವಾಗಲೂ ಒಂದು ಜಾಗ ಆದ ತಕ್ಷಣ ಎಬ್ಬಿಸಬಾರದು. ಎದ್ದು, ಮತ್ತೆ ನಿಂತು, ಮತ್ತೆ ಎದ್ದು ಸಿಪಿಯು ಅದರಲ್ಲೇ ಕಳೆದುಹೋಗುತ್ತದೆ. ಮೈಕ್ರೋಸಾಫ್ಟಿನ ವಿಎಂ ವ್ಯವಸ್ಥೆ ಹೈಪರ್-ವಿಯ ಡ್ರೈವರ್ ನೋಡಿ. ಖಾಲಿ ಜಾಗ ಶೇ. 10ಕ್ಕೆ ಇಳಿದರೆ ನಿಲ್ಲಿಸುತ್ತದೆ, ಶೇ. 20 ದಾಟಿದ ಮೇಲೆ ಎಬ್ಬಿಸುತ್ತದೆ.

ಪ್ರಶ್ನೆ: ಅಂಕೋಲಾದಿಂದ. ನಮ್ಮ ವಿಎಂ ಒಳಗೆ ರಾತ್ರಿ ಆಗಾಗ 'ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್' ಎಂಬ ಸಂದೇಶ ಬರುತ್ತದೆ. ಕಾರ್ಡ್ ಕೆಟ್ಟಿತೇ?

ಉತ್ತರ: ವಿಎಂನಲ್ಲಿ ಕೆಡಲು ಕಾರ್ಡೇ ಇಲ್ಲ. ನಿಲ್ಲಿಸಿದ ಕ್ಯೂ ಸಮಯಕ್ಕೆ ಸರಿಯಾಗಿ ಏಳಲಿಲ್ಲ ಅಂತ ಆ ಸಂದೇಶ ಹೇಳುತ್ತದೆ. ಡ್ರೈವರ್ ಬೇರೆ ಹೇಳದಿದ್ದರೆ ಕಾಯುವುದು 5 ಸೆಕೆಂಡ್. ಮೇಲೆ ಹೇಳಿದ ತಪ್ಪಿದ ಎಚ್ಚರವೂ ಕಾರಣ ಆಗಬಹುದು. ಆದರೆ ರಾತ್ರಿ ಮಾತ್ರ ಬರುತ್ತದೆ ಅಂದರೆ ನನ್ನ ಅನುಮಾನ ಹೋಸ್ಟ್, ಅಂದರೆ ವಿಎಂ ನಡೆಸುವ ಸರ್ವರ್ ಮೇಲೆ. ಅದೇ ಹೊತ್ತಿಗೆ ಅಲ್ಲಿ ಸ್ನ್ಯಾಪ್‌ಶಾಟ್ ಅಥವಾ ಡಿಸ್ಕ್ ಬ್ಯಾಕಪ್ ನಡೆಯುತ್ತಿದೆಯೇ ನೋಡಿ. ಕ್ಯೂಎಮು ಡಿಸ್ಕಿಗಾಗಿ ಕಾಯುತ್ತಾ ನಿಂತರೆ ರಿಂಗ್ ಖಾಲಿ ಮಾಡುವವರು ಇರುವುದಿಲ್ಲ. ಒಂದು ರಾತ್ರಿ ಆ ಕೆಲಸ ನಿಲ್ಲಿಸಿ. ಸಂದೇಶ ಆಗಲೂ ಬಂದರೆ ಗೆಸ್ಟ್ (ವಿಎಂ ಒಳಗಿನ) ಕರ್ನಲ್ ಆವೃತ್ತಿ ಮತ್ತು ಡ್ರೈವರ್ ಹೆಸರು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.